ಲುವಾಂಗ್ವಾದಲ್ಲಿ ಸಾಲು ಹಿಡಿದು ನಡೆದವರು

ಆಫ್ರಿಕಾದ ಸಫಾರಿ ಗೈಡ್‌ಗಳು ಸಹಾಯಾರ್ಥ ಹಣ ಎತ್ತಲು ಮಾಡುವ ನಡಿಗೆಯ ಬಗ್ಗೆ ಇಲ್ಲಿ ಮಾತಾಡಲು ಬಂದವನು ಹೊರಗೆ ಕಾಫಿ ಕುಡಿಯುತ್ತಿದ್ದಾಗ ಒಬ್ಬ ಹುಡುಗ ಬಂದು ಕೇಳಿದ: "ಸರ್, ಸಫಾರಿ ಗೈಡ್‌ಗಳಿಗೆ ಕಾಡಿನಲ್ಲಿ ನಡೆಯುವುದೇ ಕೆಲಸ. ಅವರು ಇನ್ನೊಂದಿಷ್ಟು ನಡೆದರೆ ಅದಕ್ಕೆ ಜನ ಯಾಕೆ ದುಡ್ಡು ಕೊಡಬೇಕು?" ನಾನು ಬರೆದುಕೊಂಡು ಬಂದಿದ್ದ ಮೊದಲ ಎರಡು ಪುಟ ಅಲ್ಲೇ ಮಡಚಿ ಜೇಬಿಗೆ ಹಾಕಿದೆ. ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಹೊಳೆದಿರಲಿಲ್ಲ.

ಇಲ್ಲಿರುವ ಹಳಬರಿಗೆ ಸಹಾಯಾರ್ಥ ನಾಟಕ ನೆನಪಿರುತ್ತದೆ. ಹೈಸ್ಕೂಲಿನ ಕಟ್ಟಡ ನಿಧಿಗೆ ಅಂತ ಕಂಪನಿ ನಾಟಕದವರನ್ನು ಕರೆಸುತ್ತಿದ್ದರು. ನಾಟಕದವರಿಗೆ ದಿನಾ ನಾಟಕವಾಡುವುದೇ ಕೆಲಸ. ಆದರೂ ಆ ಒಂದು ರಾತ್ರಿ ಬಣ್ಣ ಹಚ್ಚುವುದು ತಮಗಾಗಿ ಅಲ್ಲ ಅಂತ ಗೊತ್ತಿದ್ದದ್ದರಿಂದ ಜನ ಟಿಕೆಟ್‌ಗೆ ಎರಡರಷ್ಟು ಕೊಡುತ್ತಿದ್ದರು. ಮರುದಿನ ಕಟ್ಟೆಯ ಮೇಲೆ ಕೂತವರು ಕೇಳುತ್ತಿದ್ದ ಪ್ರಶ್ನೆ ಇನ್ನೊಂದು: ಪೆಂಡಾಲು, ಲೈಟು, ಕಲಾವಿದರ ಊಟ ಎಲ್ಲ ಕಳೆದು ಕಟ್ಟಡಕ್ಕೆ ಉಳಿದದ್ದೆಷ್ಟು? ಈ ಎರಡನ್ನೂ ತಲೆಯಲ್ಲಿಟ್ಟುಕೊಂಡಿರಿ. ಆಫ್ರಿಕಾದ ಕಾಡಿನಲ್ಲಿ ಗೈಡ್‌ಗಳು ಮಾಡುವ ಸಹಾಯಾರ್ಥ ನಡಿಗೆಯೂ ಹೆಚ್ಚುಕಡಿಮೆ ಇದೇ ಲೆಕ್ಕ.

ನಾನು ಹದಿನಾಲ್ಕು ವರ್ಷ ಕಬಿನಿ ಕಡೆ ಜೀಪಿನಲ್ಲಿ ಜನರನ್ನು ಕರೆದುಕೊಂಡು ಹೋಗಿ ಪ್ರಾಣಿ ತೋರಿಸಿದವನು. ನಮ್ಮಲ್ಲಿ ಸಫಾರಿಗೆ ಹೋದವರು ಜೀಪಿನಿಂದ ಕಾಲು ಕೆಳಗಿಡುವಂತಿಲ್ಲ. ಹಾಗಾಗಿ ಇಷ್ಟು ವರ್ಷ ಕಾಡಿನಲ್ಲಿದ್ದೂ ನಾನು ಕಾಡಿನ ಮಣ್ಣು ಮೆಟ್ಟಿದ್ದು ಟೈರು ಪಂಕ್ಚರ್ ಆದಾಗ ಮಾತ್ರ ಅಂದರೂ ನಡೆಯುತ್ತದೆ. ಅಂಥವನು ಒಂದು ಸೆಪ್ಟೆಂಬರಿನಲ್ಲಿ ಜಾಂಬಿಯಾಕ್ಕೆ, ಲುವಾಂಗ್ವಾ ಕಣಿವೆಗೆ ಹೋದೆ. ಅಲ್ಲಿನ ಇಬ್ಬರು ಗೈಡ್‌ಗಳು ಹಿಂದಿನ ವರ್ಷ ನದಿಯ ಗುಂಟ ಹನ್ನೆರಡು ದಿನ ನಡೆದು, ತಮ್ಮ ಊರಿನ ಶಾಲೆಗೂ ಕಳ್ಳಬೇಟೆಯ ಉರುಳು ಕೀಳುವ ಗಸ್ತು ತಂಡಕ್ಕೂ ಹಣ ಎತ್ತಿದ್ದರು. ಅವರ ಜೊತೆ ಆರು ದಿನ ನಡೆದೆ. ಅವರ ಹೆಸರು ಹೇಳುವುದಿಲ್ಲ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಮೊದಲು ಜಾಗ ಎಂಥದ್ದು ಅಂತ ನೋಡೋಣ. ಜಾಂಬಿಯಾದ ಈಶಾನ್ಯ ಮೂಲೆಯ ಬೆಟ್ಟಗಳಲ್ಲಿ ಹುಟ್ಟಿ, ನೈಋತ್ಯಕ್ಕೆ ಸುಮಾರು 770 ಕಿಲೋಮೀಟರ್ ಹರಿದು ಜಾಂಬೆಜಿಗೆ ಸೇರುವ ನದಿ ಲುವಾಂಗ್ವಾ. ಅದು ವರ್ಷ ವರ್ಷ ದಾರಿ ಬದಲಿಸುತ್ತದೆ. ಬಿಟ್ಟುಹೋದ ಹಳೇ ತಿರುವುಗಳು ಕೆರೆಗಳಾಗಿ ಉಳಿಯುತ್ತವೆ, ಆ ಕೆರೆಗಳ ತುಂಬ ನೀರಾನೆಗಳು. ಪಶ್ಚಿಮಕ್ಕೆ ಮುಚಿಂಗಾ ಅನ್ನುವ ಗೋಡೆಯಂಥ ಬೆಟ್ಟಸಾಲು. ದಕ್ಷಿಣ ಲುವಾಂಗ್ವಾ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 9,050 ಚದರ ಕಿಲೋಮೀಟರ್. ನಮ್ಮ ನಾಗರಹೊಳೆ ರಾಷ್ಟ್ರೀಯ ಉದ್ಯಾನ 643. ಅಂದರೆ ಹದಿನಾಲ್ಕು ನಾಗರಹೊಳೆಯನ್ನು ಒಂದರ ಪಕ್ಕ ಒಂದು ಹಾಸಿದ ಹಾಗೆ. ನವೆಂಬರ್‌ನಿಂದ ಮಳೆ. ಆಗ ನದಿ ಉಕ್ಕಿ ಹೆಚ್ಚಿನ ದಾರಿಗಳೆಲ್ಲ ಮುಚ್ಚಿಹೋಗುತ್ತವೆ. ನಡೆಯುವುದಿದ್ದರೆ ಜೂನ್‌ನಿಂದ ಅಕ್ಟೋಬರ್ ಒಳಗೆ. ಅದರಲ್ಲೂ ಅಕ್ಟೋಬರಿನ ಸೆಕೆಗೆ ಅಲ್ಲಿನವರು 'ಆತ್ಮಹತ್ಯೆಯ ತಿಂಗಳು' ಅಂತ ಹೆಸರಿಟ್ಟಿದ್ದಾರೆ. ರಾಯಚೂರಿನ ಏಪ್ರಿಲ್ ಕಂಡವರಿಗೆ ವಿವರಿಸಬೇಕಿಲ್ಲ.

ಸಫಾರಿ ಅನ್ನುವ ಮಾತು ಸ್ವಾಹಿಲಿಯದ್ದು, ಅದರ ಬೇರು ಅರಬ್ಬಿಯಲ್ಲಿ. ನಾವು ಸಫರ್ ಅನ್ನುತ್ತೇವಲ್ಲ, ಅದೇ ಬೇರು. ಪ್ರಯಾಣ ಅಂತ ಅರ್ಥ, ಅಷ್ಟೇ. ಆದರೆ ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಸಫಾರಿ ಅಂದರೆ ಬಿಳಿಯರ ಬೇಟೆ. ಹೊರೆ ಹೊರುವವರ ಸಾಲು, ಮುಂದೆ ಬಂದೂಕು, ವಾಪಸು ಬರುವಾಗ ದಂತ. ಲುವಾಂಗ್ವಾದಲ್ಲಿ ಇದು ತಿರುಗಿದ್ದು 1950ರಲ್ಲಿ. ನಾರ್ಮನ್ ಕಾರ್ ಅನ್ನುವ ವನ್ಯಜೀವಿ ಅಧಿಕಾರಿ ಅಲ್ಲಿನ ಕುಂಡಾ ಜನರ ಮುಖ್ಯಸ್ಥ ಚೀಫ್ ನ್ಸೆಫು ಅವರ ಹತ್ತಿರ ಹೋಗಿ, ನಿಮ್ಮ ನೆಲದಲ್ಲಿ ಒಂದಿಷ್ಟು ಜಾಗ ಬಿಟ್ಟುಕೊಡಿ, ಪ್ರಾಣಿಗಳನ್ನು ಕೊಲ್ಲದೆ ಬರೀ ನೋಡಿ ಹೋಗುವ ಜನರನ್ನು ಕರೆಸೋಣ, ಬಂದ ಹಣ ನಿಮ್ಮ ಜನರಿಗೆ ಅಂದ. ನೋಡಿ ಹೋಗಲು ಯಾರಾದರೂ ದುಡ್ಡು ಕೊಡುತ್ತಾರೆಯೇ ಅಂತ ಆಗ ನಗಾಡಿದವರು ಬಹಳ ಇದ್ದಿರಬೇಕು. ಕಾರ್ ಸಾಧು ಏನಲ್ಲ. ಬೆಳೆಗೆ ನುಗ್ಗುವ ಆನೆಗಳನ್ನು ಹೊಡೆಯುವ ಕೆಲಸದಿಂದಲೇ ಶುರು ಮಾಡಿದವನು. ಆದರೆ ಜನರನ್ನು ನಡೆಸಿಕೊಂಡು ಹೋಗಿ ಕಾಡು ತೋರಿಸುವ ಪದ್ಧತಿ ಅಲ್ಲಿ ಬೆಳೆದದ್ದು ಅವನಿಂದ. ನಾನು ನಿಮ್ಮ ಗಮನಕ್ಕೆ ತರುವುದು ಒಂದೇ: ವಾಕಿಂಗ್ ಸಫಾರಿಯ ಹುಟ್ಟಿನಲ್ಲೇ 'ಹಣ ಯಾರಿಗೆ' ಅನ್ನುವ ಮಾತು ಇತ್ತು. ಇವತ್ತು ಕರಪತ್ರಗಳಲ್ಲಿ ಸಾಹಸದ ಮಾತು ಉಳಿದಿದೆ, ಹಣದ ಮಾತು ಸಣ್ಣ ಅಕ್ಷರಕ್ಕೆ ಇಳಿದಿದೆ.

ಈಗ ನಡಿಗೆಗೆ ಬರೋಣ. ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ. ಸಾಲಾಗಿ, ಒಬ್ಬರ ಹಿಂದೆ ಒಬ್ಬರು. ಎಲ್ಲರಿಗಿಂತ ಮುಂದೆ ಬಂದೂಕು ಹಿಡಿದ ಸ್ಕೌಟ್. ಅವನಿಲ್ಲದೆ ಉದ್ಯಾನದೊಳಗೆ ಕಾಲ್ನಡಿಗೆಗೆ ಪರವಾನಗಿ ಇಲ್ಲ. ಅವನ ಹಿಂದೆ ಗೈಡ್. ಆಮೇಲೆ ನಾವು. ಕೊನೆಯಲ್ಲಿ ಕೆಟಲ್, ಲೋಟ, ಬಿಸ್ಕತ್ತಿನ ಡಬ್ಬ ಹೊತ್ತ ಹುಡುಗ. ಅವನ ಕೆಲಸಕ್ಕೆ ಟೀ ಹೊರುವವನು ಅಂತಲೇ ಹೆಸರು. ಆದರೆ ಹಿಂದಿನಿಂದ ಏನಾದರೂ ಬಂದರೆ ಮೊದಲು ನೋಡುವ ಕಣ್ಣು ಅವನದೇ.

ಗೈಡ್‌ನ ಕೈಯಲ್ಲಿ ಒಂದು ಹಳೇ ಕಾಲುಚೀಲ. ಏನಪ್ಪಾ ಇದು ಅಂದುಕೊಂಡೆ. ಐದು ನಿಮಿಷಕ್ಕೊಮ್ಮೆ ಅದನ್ನು ಬೆರಳಿನಿಂದ ತಟ್ಟುತ್ತಾನೆ, ಪುಸ್ ಅಂತ ಬಿಳಿ ಪುಡಿ ಏಳುತ್ತದೆ. ರಾತ್ರಿಯ ಒಲೆಯ ಬೂದಿ. ಬೂದಿ ಯಾವ ಕಡೆ ತೇಲಿತೋ ಗಾಳಿ ಆ ಕಡೆ. ಆನೆಯ ಕಡೆಗೆ ತೇಲಿದರೆ ಎಲ್ಲರೂ ಮಾತಿಲ್ಲದೆ ತಿರುಗಿ, ಅರ್ಧ ಗಂಟೆ ಸುತ್ತು ಹಾಕಿ ಇನ್ನೊಂದು ಕಡೆಯಿಂದ ಹೋಗುತ್ತೇವೆ. ಒಂದು ಕಡೆ ಲದ್ದಿ ಸಿಕ್ಕಿತು. ಗೈಡ್ ಕೂತು, ಉಂಡೆಯನ್ನು ಎರಡಾಗಿ ಒಡೆದು, ಒಳಗೆ ಬೆರಳು ತೂರಿಸಿ, ನನಗೂ ತೂರಿಸು ಅಂದ. ಹೊರಗೆ ಒಣಗಿತ್ತು, ಒಳಗೆ ಈಗ ತಾನೇ ಇಳಿಸಿದ ಇಡ್ಲಿಯಷ್ಟು ಬೆಚ್ಚಗೆ. ಸ್ಕೌಟ್ ಬಂದೂಕನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡ. ಯಾರೂ ಏನೂ ಹೇಳಲಿಲ್ಲ. ಹದಿನಾಲ್ಕು ವರ್ಷ ನಾನು ಲದ್ದಿಯನ್ನು ಜೀಪಿನಿಂದ ಬೆರಳು ಮಾಡಿ ತೋರಿಸಿದ್ದೆ, ಬೆರಳಿಟ್ಟು ನೋಡಿರಲಿಲ್ಲ.

ಹೀಗೆ ನಡೆದರೆ ಮೂರು ಗಂಟೆಯಲ್ಲಿ ನಾಲ್ಕು ಕಿಲೋಮೀಟರ್ ದಾಟಿದರೆ ಹೆಚ್ಚು. ಒಳ್ಳೆಯ ಗೈಡ್ ಇನ್ನೂ ಕಡಿಮೆ ನಡೆಸುತ್ತಾನೆ. ಇದನ್ನು ನೆನಪಿಡಿ, ಯಾಕೆಂದರೆ ಸಹಾಯಾರ್ಥ ನಡಿಗೆಯ ಕಷ್ಟ ಇಲ್ಲಿಂದಲೇ ಶುರು.

ಆ ಇಬ್ಬರು ಗೈಡ್‌ಗಳು ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರ್ ನಡೆಯಬೇಕಿತ್ತು. ಬದುಕೆಲ್ಲ ನಿಧಾನವಾಗಿ ನಡೆಯುವುದನ್ನು ಕಲಿತವರು ಬೇಗ ಬೇಗ ನಡೆಯಬೇಕು. ಹಿರಿಯ ಗೈಡ್, ಕುಂಡಾ ಜನದವನು, ಐವತ್ತು ದಾಟಿದವನು, ಇದನ್ನು ಹೇಳುವಾಗ ನಿಜವಾಗಿ ನಾಚಿಕೊಂಡ. "ಹನ್ನೆರಡು ದಿನ ನಾನು ಕೆಟ್ಟ ಗೈಡ್ ಆಗಿದ್ದೆ" ಅಂದ. ಚಿರತೆಯ ಹೆಜ್ಜೆ ಕಂಡರೂ ನಿಲ್ಲಲಿಲ್ಲ. ಹಕ್ಕಿ ಕೂಗಿದರೆ ತಲೆ ಎತ್ತಲಿಲ್ಲ. ಮೂರನೇ ದಿನ ಗಾಳಿ ನೋಡುವುದನ್ನು ಮರೆತು, ಒಂದು ಪೊದೆ ಬಳಸಿ ತಿರುಗಿದರೆ ಹದಿನೈದು ಹೆಜ್ಜೆ ದೂರದಲ್ಲಿ ಎರಡು ಮುದಿ ಗಂಡು ಬಫೆಲೊಗಳು. ಹಿಂಡು ಬಿಟ್ಟು ಕೆಸರಿನಲ್ಲಿ ಹೊರಳಾಡಿಕೊಂಡಿರುವ ಇಂಥವಕ್ಕೆ ಅಲ್ಲಿ 'ಡಗ್ಗಾ ಬಾಯ್ಸ್' ಅನ್ನುತ್ತಾರೆ. ಡಗ್ಗಾ ಅಂದರೆ ಕೆಸರು. ಕೆಸರು ಹುಡುಗರು! ಹೆಸರು ಮುದ್ದಾಗಿದೆ, ಗೈಡ್‌ಗಳು ಕಾಲ್ನಡಿಗೆಯಲ್ಲಿ ಹೆಚ್ಚು ಹೆದರುವ ಪ್ರಾಣಿಗಳಲ್ಲಿ ಅದೂ ಒಂದು. ಅವತ್ತು ಸ್ಕೌಟ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ಬಫೆಲೊಗಳು ನೋಡಿದವು, ಮೂಸಿದವು, ಹೋದವು. ಆ ಹೊತ್ತಿನಲ್ಲಿ ಓಡುವುದೊಂದನ್ನು ಮಾಡಬಾರದು. ಸ್ಕೌಟ್ ಇಲ್ಲದಿದ್ದರೆ ನಾನೇ ಓಡುತ್ತಿದ್ದೆನೋ ಏನೋ ಅಂತ ಹಿರಿಯ ಗೈಡ್ ಅಂದ. ಇಪ್ಪತ್ತೆಂಟು ವರ್ಷ ಅನುಭವ ಇದ್ದವನು.

ಕಿಲೋಮೀಟರಿಗೆ ಇಷ್ಟು ಅಂತ ಹಣ ಕೊಡುವ ಪದ್ಧತಿಯ ದೋಷ ಇದು. ನೀವು ಹತ್ತು ಕಿಲೋಮೀಟರ್ ನಡೆದರೆ ನಾನು ಸಾವಿರ ಕೊಡುತ್ತೇನೆ ಅನ್ನುವುದು ಊರಿನ ರಸ್ತೆಯ ಮೇಲೆ ಸರಿ. ಕಾಡಿನಲ್ಲಿ ಅದು ಅವಸರಕ್ಕೆ ಕೊಟ್ಟ ಬಹುಮಾನ.

ದೇಹದ ಕಷ್ಟ ಹೇಳದೆ ಬಿಟ್ಟರೆ ಪೂರ್ತಿ ಆಗುವುದಿಲ್ಲ, ಆದರೆ ಅದನ್ನೇ ಹಿಡಿದು ಕೂರುವುದೂ ನನಗೆ ಇಷ್ಟವಿಲ್ಲ. ಲುವಾಂಗ್ವಾದ ದಡದಲ್ಲಿ ನಮ್ಮ ಎರೆಭೂಮಿಯಂಥದೇ ಕಪ್ಪು ಮಣ್ಣು. ಮಳೆಗಾಲದಲ್ಲಿ ಆನೆ, ನೀರಾನೆ ನಡೆದು ಮೊಣಕಾಲಿನುದ್ದ ಗುಂಡಿ ಬೀಳುತ್ತವೆ, ಬೇಸಗೆಯಲ್ಲಿ ಅವು ಹಾಗೇ ಕಲ್ಲಾಗುತ್ತವೆ. ಮೇಲೆ ಹುಲ್ಲು ಮುಚ್ಚಿರುತ್ತದೆ. ಸಿಂಹಕ್ಕೆ ಸಿಕ್ಕಿ ಅಲ್ಲ, ಆ ಗುಂಡಿಯಲ್ಲಿ ಕಾಲು ಉಳುಕಿ ನಡಿಗೆ ನಿಂತುಹೋಗುವ ಸಂಭವ ಹೆಚ್ಚು. ಮೊಪಾನೆ ಮರದ ಕಾಡು ಬಂದರೆ ನೆರಳು ಸಿಗುತ್ತದೆ ಅಂದುಕೊಂಡರೆ, ಆ ಮರ ಮಧ್ಯಾಹ್ನ ಎಲೆಗಳನ್ನು ಚಿಟ್ಟೆ ರೆಕ್ಕೆ ಮಡಚಿದ ಹಾಗೆ ಮಡಚಿಕೊಳ್ಳುತ್ತದೆ. ನೆರಳೂ ಮಡಚಿಕೊಳ್ಳುತ್ತದೆ! ಅಲ್ಲಿ 'ಮೊಪಾನೆ ನೊಣ' ಅಂತ ಒಂದು ಜೀವ, ಕಣ್ಣಿನ ಮೂಲೆಯ ತೇವಕ್ಕೆ, ಮೂಗಿಗೆ, ಕಿವಿಗೆ ಮುತ್ತುತ್ತದೆ. ನೊಣ ಅಲ್ಲ ಅದು, ನಮ್ಮ ಮುಜಂಟಿಯ ಬಳಗದ ಚುಚ್ಚುವ ಕೊಂಡಿಯಿಲ್ಲದ ಜೇನು. ಕಚ್ಚುವುದಿಲ್ಲ, ಹುಚ್ಚು ಹಿಡಿಸುತ್ತದೆ. ಕಚ್ಚುವುದಕ್ಕೆ ತ್ಸೆತ್ಸೆ ನೊಣ ಬೇರೆ ಇದೆ. ಅದಕ್ಕೆ ಕಡುನೀಲಿ, ಕಪ್ಪು ಬಣ್ಣ ಕಂಡರೆ ಪ್ರೀತಿ. ಹಿಡಿಯುವ ಬಲೆಗಳನ್ನೂ ಆ ಬಣ್ಣದ ಬಟ್ಟೆಯಲ್ಲೇ ಮಾಡುತ್ತಾರೆ. ನಾನು ಹೊಸದಾಗಿ ಕೊಂಡಿದ್ದ ನೀಲಿ ಅಂಗಿ ಮೊದಲ ದಿನವೇ ಚೀಲದ ತಳ ಸೇರಿತು.

ನೀರಿನ ತೂಕ ಇನ್ನೊಂದು. ಆ ಸೆಕೆಯಲ್ಲಿ ಒಬ್ಬನಿಗೆ ದಿನಕ್ಕೆ ಐದಾರು ಲೀಟರ್ ಬೇಕು, ಅಂದರೆ ಐದಾರು ಕಿಲೋ. ಪಕ್ಕದಲ್ಲೇ ನದಿ ಇದೆಯಲ್ಲ ಅನ್ನುತ್ತೀರಿ. ನದಿಯಲ್ಲಿ ಮೊಸಳೆಯೂ ಇದೆ. ಹಾಗಾಗಿ ನೀರು ತರುವುದಕ್ಕೆ ಇಬ್ಬರು ಬೇಕು, ಒಬ್ಬ ತುಂಬುವುದಕ್ಕೆ, ಒಬ್ಬ ನೋಡುವುದಕ್ಕೆ. ರಾತ್ರಿ ಒಣಗಿದ ಉಪನದಿಯ ಮರಳಿನ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗುತ್ತಿದ್ದರಂತೆ. ಸರದಿಯ ಮೇಲೆ ಒಬ್ಬ ಎಚ್ಚರ ಇದ್ದು ಬೆಂಕಿ ಕಾಯಬೇಕು.

ಹೆಸರು ಯಾಕೆ ಹೇಳುವುದಿಲ್ಲ ಅಂದೆನಲ್ಲ, ಅದಕ್ಕೆ ಈಗ ಬರುತ್ತೇನೆ. ಆ ಹನ್ನೆರಡು ದಿನ ನಡೆದವರು ಇಬ್ಬರಲ್ಲ, ಐವರು. ಇಬ್ಬರು ಗೈಡ್‌ಗಳು, ಒಬ್ಬ ಸ್ಕೌಟ್, ಸಾಮಾನು ಹೊತ್ತ ಇಬ್ಬರು. ಸುದ್ದಿ ಬಂದದ್ದು 'ಇಬ್ಬರು ಗೈಡ್‌ಗಳ ಸಾಹಸ' ಅಂತ. ಫೋಟೊದಲ್ಲೂ ಇಬ್ಬರೇ. ಗೈಡ್‌ಗಳಿಗೆ ಬೇಜಾರಾಗಿ, ಮುಂದೆ ಯಾರು ಕೇಳಿದರೂ ಐದು ಹೆಸರು ಹೇಳಬೇಕು ಇಲ್ಲವೇ ಒಂದೂ ಹೇಳಬಾರದು ಅಂತ ತೀರ್ಮಾನ ಮಾಡಿಕೊಂಡರು. ಇನ್ನು ಸ್ಕೌಟ್‌ನ ಹೆಸರು ಎಲ್ಲ ಕಡೆ ಓಡಾಡುವುದು ಒಳ್ಳೆಯದಲ್ಲ. ಉರುಳು ಹಾಕುವವನೂ ಉರುಳು ಕೀಳುವವನೂ ಒಂದೇ ಊರಿನ ಸಂತೆಗೆ ಹೋಗುವವರು. ಆದ್ದರಿಂದ ಒಂದೂ ಇಲ್ಲ.

ಇದು ಹೊಸದೇನಲ್ಲ. ದಾರಿ ಬಿಟ್ಟು ಒಂದು ಕಥೆ ಹೇಳುತ್ತೇನೆ, ಕ್ಷಮಿಸಿ, ಇದು ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ಡೇವಿಡ್ ಲಿವಿಂಗ್‌ಸ್ಟನ್ ಹೆಸರು ಶಾಲೆಯಲ್ಲಿ ಓದಿದ್ದೀರಿ. 1866ರ ಕೊನೆಯಲ್ಲಿ ಅವನು ಇದೇ ಲುವಾಂಗ್ವಾ ನದಿ ದಾಟಿ ಉತ್ತರಕ್ಕೆ ಹೋದ. 1873ರ ಮೇ 1ರಂದು ಮುಚಿಂಗಾ ಬೆಟ್ಟಸಾಲಿನ ಆಚೆ, ಚಿತಾಂಬೊ ಅನ್ನುವ ಊರಿನಲ್ಲಿ ತೀರಿಕೊಂಡ. ಜೊತೆಗಿದ್ದವರು ಹೃದಯವನ್ನು ಅಲ್ಲೇ ಒಂದು ಮ್ಪುಂಡು ಮರದ ಕೆಳಗೆ ಮಣ್ಣು ಮಾಡಿ, ದೇಹಕ್ಕೆ ಉಪ್ಪು ಹಾಕಿ ಬಿಸಿಲಿನಲ್ಲಿ ಒಣಗಿಸಿ, ಮರದ ತೊಗಟೆಯಲ್ಲಿ ಸುತ್ತಿ, ಹೊತ್ತುಕೊಂಡು ಹಿಂದೂ ಮಹಾಸಾಗರದ ದಡದ ಬಗಮೋಯೋವರೆಗೆ ನಡೆದರು. ಸುಮಾರು 1,500 ಕಿಲೋಮೀಟರ್, ಒಂಬತ್ತು ತಿಂಗಳು. ಆಫ್ರಿಕಾದ ಕಾಡಿನಲ್ಲಿ ಇನ್ನೊಬ್ಬರಿಗಾಗಿ ನಡೆದ ನಡಿಗೆ ಅಂದರೆ ನನಗೆ ಮೊದಲು ನೆನಪಾಗುವುದು ಅದು.

ನಡೆಸಿದವರು ಚುಮಾ ಮತ್ತು ಸುಸಿ. ಇಬ್ಬರೂ ಮುಂಬೈ ಕಂಡವರು. 1864ರಲ್ಲಿ ಲಿವಿಂಗ್‌ಸ್ಟನ್ ತನ್ನ ಪುಟ್ಟ ಹಡಗಿನಲ್ಲಿ ಮುಂಬೈಗೆ ಬಂದಾಗ ಅವರೂ ಬಂದಿದ್ದರು. ಚುಮಾ ಅಲ್ಲಿ ಶಾಲೆಗೆ ಹೋದ, ಸುಸಿ ಹಡಗುಕಟ್ಟೆಯಲ್ಲಿ ದುಡಿದ. ಮರದ ಮೇಲೆ ಲಿವಿಂಗ್‌ಸ್ಟನ್ ಸತ್ತ ದಿನ ಕೆತ್ತಿ, ಪ್ರಾರ್ಥನೆ ಓದಿ, ದಾರಿಯುದ್ದಕ್ಕೂ ದಿನಚರಿ ಬರೆದವನು ಜೇಕಬ್ ವೇನ್‌ರೈಟ್. ಗುಲಾಮರ ವ್ಯಾಪಾರಿಗಳಿಂದ ಬಿಡಿಸಿ ತಂದ ಹುಡುಗ, ಓದಿದ್ದು ನಾಸಿಕದ ಹತ್ತಿರದ ಮಿಷನ್ ಶಾಲೆಯಲ್ಲಿ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ 1874ರ ಏಪ್ರಿಲ್ 18ರಂದು ಸಂಸ್ಕಾರ ನಡೆದಾಗ ಅವನೊಬ್ಬ ಇದ್ದ. ಚುಮಾ, ಸುಸಿ ಇಂಗ್ಲೆಂಡ್ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಉಳಿದ ಹತ್ತಾರು ಜನರನ್ನು ಯಾರೂ ಕರೆಯಲೂ ಇಲ್ಲ.

ಸರಿ, ವಾಪಸು ಬರೋಣ. ಎಲ್ಲರೂ ಹೀಗೇ ಮಾಡಿದರು ಅಂತಲ್ಲ. ದಕ್ಷಿಣ ಆಫ್ರಿಕಾದ ಇಮ್‌ಫೊಲೊಜಿಯಲ್ಲಿ 1959ರಲ್ಲಿ ಕಾಡಿನ ನಡಿಗೆ ಶುರು ಮಾಡಿದ ಇಯಾನ್ ಪ್ಲೇಯರ್, ತನಗೆ ಕಾಡು ಕಲಿಸಿದ್ದು ಮಗ್‌ಕುಬು ಎನ್‌ಟೊಂಬೆಲಾ ಅನ್ನುವ ಜುಲು ಸ್ಕೌಟ್ ಅಂತ ಬದುಕಿರುವವರೆಗೂ ಹೇಳಿದ. 2012ರಲ್ಲಿ ಇಯಾನ್ ಮೆಕಾಲಮ್ ಮತ್ತು ಇಯಾನ್ ಮಿಕ್ಲರ್ ಅನ್ನುವ ಇಬ್ಬರು ನಮೀಬಿಯಾದ ಅಟ್ಲಾಂಟಿಕ್ ದಡದಿಂದ ದಕ್ಷಿಣ ಆಫ್ರಿಕಾದ ಹಿಂದೂ ಮಹಾಸಾಗರದ ದಡದವರೆಗೆ, ಆನೆಗಳು ಓಡಾಡುತ್ತಿದ್ದ ದಾರಿ ಹಿಡಿದು ಸುಮಾರು 5,000 ಕಿಲೋಮೀಟರ್ ಹೋದರು. ನಡೆದು, ಸೈಕಲ್ ತುಳಿದು, ದೋಣಿ ಹುಟ್ಟು ಹಾಕಿ. ಎಂಜಿನ್ ಇಲ್ಲದೆ ಹೋಗಬೇಕು ಅನ್ನುವುದು ಅವರ ಹಟ. ದೇಶಗಳ ಗಡಿ ಆನೆಗೆ ಗೊತ್ತಿಲ್ಲ, ಅದರ ದಾರಿಗೆ ಬೇಲಿ ಬಿದ್ದಿದೆ ಅಂತ ತೋರಿಸುವುದು ಉದ್ದೇಶ. ಕೀನ್ಯಾದ ಜಿಮ್ ನ್ಯಾಮು 2013ರಲ್ಲಿ ಮೊಂಬಾಸಾದಿಂದ ನೈರೋಬಿಗೆ ಆನೆಗಳಿಗಾಗಿ ನಡೆದರು. ಅವರು ಗೈಡ್ ಅಲ್ಲ, ಸಂಶೋಧಕರು. ಆದರೆ ನನಗೆ ಅವರ ದಾರಿ ಹಿಡಿಸಿತು. ಜನ ಇಲ್ಲದ ಕಾಡು ಹುಡುಕಿಕೊಂಡು ಹೋಗದೆ, ಊರುಗಳ ಮೂಲಕ, ಶಾಲೆಗಳ ಅಂಗಳದಲ್ಲಿ ನಿಂತು ಮಾತಾಡಿಕೊಂಡು ಹೋದರು. ಆನೆಯ ಜೊತೆ ದಿನಾ ಬದುಕುವವರು ಅಲ್ಲಿದ್ದಾರಲ್ಲ.

ಗೈಡ್‌ಗಳು ಹಣ ಎತ್ತುವ ಅಗತ್ಯ ಎಷ್ಟು ನಿಜ ಅನ್ನುವುದು ಲೋಕಕ್ಕೆ ಗೊತ್ತಾದದ್ದು 2020ರಲ್ಲಿ. ಕೊರೊನಾ ಬಂದು ವಿಮಾನ ನಿಂತಿತು, ಪ್ರವಾಸಿ ಬರಲಿಲ್ಲ. ಲಾಡ್ಜಿನ ಬಾಗಿಲು ಮುಚ್ಚಿದರೆ ಗೈಡ್‌ನ ಸಂಬಳ ನಿಲ್ಲುವುದಷ್ಟೇ ಅಲ್ಲ, ಪ್ರವಾಸಿಗರು ಕಟ್ಟುವ ಶುಲ್ಕದಿಂದ ನಡೆಯುವ ಗಸ್ತು ನಿಲ್ಲುತ್ತದೆ, ಊರಿನ ಶಾಲೆಯ ಮಾಸ್ತರರ ಸಂಬಳ ನಿಲ್ಲುತ್ತದೆ. ಆ ವರ್ಷ ಅಕ್ಟೋಬರಿನಲ್ಲಿ ಬ್ರಿಟನ್ನಿನ ಟಸ್ಕ್ ಸಂಸ್ಥೆ ಮತ್ತು ಜೊತೆಗಾರರು ಆಫ್ರಿಕಾದ ಹಲವು ದೇಶಗಳ ರೇಂಜರ್‌ಗಳನ್ನು ಒಂದೇ ದಿನ ಓಡಿಸಿದರು. 21 ಕಿಲೋಮೀಟರ್, ಬೆನ್ನಿನ ಮೇಲೆ 22 ಕಿಲೋ. 22 ಯಾಕೆ? ಗಸ್ತಿಗೆ ಹೋಗುವಾಗ ರೇಂಜರ್ ಸರಾಸರಿ ಹೊರುವ ತೂಕ ಅಷ್ಟು. ಇದರಲ್ಲಿ ನನಗೆ ಮೆಚ್ಚಿಗೆಯಾದದ್ದು ಏನು ಗೊತ್ತೇ? ಅವರು ಸಾಹಸಕ್ಕೆ ಅಂತ ಏನನ್ನೂ ಹೊಸದಾಗಿ ಮಾಡಲಿಲ್ಲ. ದಿನದ ಕೆಲಸದ ಒಂದು ತುಂಡನ್ನೇ ಕತ್ತರಿಸಿ ತೋರಿಸಿದರು. ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ನಡೆಯುವುದೇ ಕೆಲಸವಾದವನು ನಡೆದು ತೋರಿಸಿದರೆ, ಆ ಕೆಲಸ ಎಷ್ಟು ಭಾರದ್ದು ಅಂತ ಸೋಫಾದ ಮೇಲೆ ಕೂತವನಿಗೆ ಗೊತ್ತಾಗುತ್ತದೆ.

ಇನ್ನರ್ಧ ಕಟ್ಟೆಯ ಮೇಲಿನವರ ಪ್ರಶ್ನೆ: ಉಳಿದದ್ದೆಷ್ಟು? ಈ ಬಗೆಯ ನಡಿಗೆಗಳಲ್ಲಿ ಎರಡು ಜಾತಿ. ಒಂದರಲ್ಲಿ ನಡೆಯುವವರ ವಿಮಾನ, ಊಟ, ಹೊಸ ಬೂಟು, ಕ್ಯಾಮೆರಾದವನ ಖರ್ಚು ಎಲ್ಲ ದಾನಿಗಳ ದುಡ್ಡಿನಿಂದಲೇ ಹೋಗಿ, ಕೊನೆಗೆ ಶಾಲೆಗೆ ನಾಲ್ಕು ಬೆಂಚು ಬರುತ್ತದೆ. ಇನ್ನೊಂದರಲ್ಲಿ ಖರ್ಚನ್ನು ನಡೆಯುವವರೇ ಹಾಕಿಕೊಂಡು, ಬಂದದ್ದನ್ನು ಪೂರ್ತಿ ದಾಟಿಸುತ್ತಾರೆ. ನಾನು ಹೇಳಿದ ಗೈಡ್‌ಗಳು ಎರಡನೇ ಜಾತಿ. ಸೀಸನ್ ಮುಗಿಯುವ ಹೊತ್ತಿಗೆ ತಮ್ಮ ರಜೆಯಲ್ಲಿ ನಡೆದರು. ಸಾಮಾನು ಹೊತ್ತ ಇಬ್ಬರಿಗೆ ಮಾತ್ರ ಕೂಲಿ ಕೊಟ್ಟರು. ಅದನ್ನು ದಾನದ ಹಣದಿಂದ ಕೊಡಲಿಲ್ಲ, ತಮ್ಮ ಟಿಪ್ಸ್ ದುಡ್ಡಿನಿಂದ ಕೊಟ್ಟರು. ಕೂಲಿ ಕೊಡದೆ 'ಸೇವೆ ಮಾಡಿ' ಅನ್ನುವುದು ಸುಲಭವಿತ್ತು. ಹೊರುವವನಿಂದ ಸೇವೆ ಮಾಡಿಸುವುದು ನಮ್ಮ ಕೆಲಸ ಅಲ್ಲ ಅಂದ ಹಿರಿಯ.

ಉರುಳಿನ ಬಗ್ಗೆ ಎರಡು ಮಾತು. ತಂತಿಯ ಕುಣಿಕೆ ಮಾಡಿ ಪ್ರಾಣಿ ಓಡಾಡುವ ದಾರಿಯಲ್ಲಿ ಕಟ್ಟುತ್ತಾರೆ, ಜಿಂಕೆಯ ಮಾಂಸಕ್ಕೆ. ಆದರೆ ತಂತಿಗೆ ಜಿಂಕೆ, ಸಿಂಹ ಅಂತ ಭೇದವಿಲ್ಲ. ಆನೆಮರಿಯ ಸೊಂಡಿಲೂ ಸಿಕ್ಕಿಕೊಳ್ಳುತ್ತದೆ. ಗಸ್ತಿನವರು ಕಾಲ್ನಡಿಗೆಯಲ್ಲೇ ಹುಡುಕಿ ಕೀಳಬೇಕು, ಜೀಪಿನಿಂದ ಕಾಣುವುದಿಲ್ಲ. ಗಸ್ತು ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ಲುವಾಂಗ್ವಾದಲ್ಲಿ ದೊಡ್ಡ ಸಾಕ್ಷಿ ಕಪ್ಪು ಘೇಂಡಾಮೃಗ. ಒಂದು ಕಾಲಕ್ಕೆ ಈ ಕಣಿವೆಯಲ್ಲಿ ಸಾವಿರಾರು ಇದ್ದವು. ಕೊಂಬಿಗಾಗಿ ಕೊಂದು ಕೊಂದು, 1998ರಲ್ಲಿ ಜಾಂಬಿಯಾದಲ್ಲಿ ಒಂದೂ ಉಳಿದಿಲ್ಲ ಅಂತ ಘೋಷಿಸಬೇಕಾಯಿತು. 2003ರಲ್ಲಿ ದಕ್ಷಿಣ ಆಫ್ರಿಕಾದಿಂದ ಐದನ್ನು ತಂದು ಉತ್ತರ ಲುವಾಂಗ್ವಾದಲ್ಲಿ ಬಿಟ್ಟು ಹೊಸದಾಗಿ ಶುರು ಮಾಡಿದರು. ಅಲ್ಲಿನ ನ್ಯಾಂಜಾ ಭಾಷೆಯಲ್ಲಿ ಅದಕ್ಕೆ ಚಿಪೆಂಬೆರೆ ಅನ್ನುತ್ತಾರೆ. ಸ್ಕೌಟ್ ಆ ಹೆಸರು ಹೇಳುವಾಗ, ನಮ್ಮಲ್ಲಿ ತೀರಿಕೊಂಡ ಅಜ್ಜನ ಹೆಸರು ಹೇಳುವಾಗ ದನಿ ಇಳಿಸುತ್ತೇವಲ್ಲ, ಹಾಗೆ ಹೇಳಿದ. ಅವನೂ ಕಂಡಿಲ್ಲ, ಅವನ ಅಪ್ಪ ಕಂಡಿದ್ದನಂತೆ.

ಊರಿನವರ ಕಷ್ಟವೂ ಸಣ್ಣದಲ್ಲ. ಹೊಲಕ್ಕೆ ಆನೆ ನುಗ್ಗಿದರೆ ಹೊತ್ತು ಹುಟ್ಟುವ ಮುಂಚೆ ಜೋಳದ ಬೆಳೆ ಖಾಲಿ. ಸಕಲೇಶಪುರದವರಿಗೆ, ಕೊಡಗಿನವರಿಗೆ ಈ ವಾಕ್ಯ ಅರ್ಧ ಹೇಳಿದರೆ ಸಾಕು. ಲುವಾಂಗ್ವಾದಲ್ಲಿ ಮೆಣಸಿನಕಾಯಿ ಪುಡಿ, ಆನೆಲದ್ದಿ ಕಲಸಿ ಇಟ್ಟಿಗೆ ಮಾಡಿ, ಒಣಗಿಸಿ, ರಾತ್ರಿ ಹೊಲದ ಅಂಚಿನಲ್ಲಿ ಹೊಗೆ ಹಾಕುತ್ತಾರೆ. ನಮ್ಮ ಒಗ್ಗರಣೆಗೆ ಪಕ್ಕದ ಮನೆಯವರು ಕೆಮ್ಮುತ್ತಾರಲ್ಲ, ಆನೆಗೂ ಅದೇ ಗತಿ. ಆ ನಡಿಗೆಯ ಹಣದಲ್ಲಿ ಒಂದು ಪಾಲು ಮೆಣಸಿನ ಸಸಿಗೂ ಹೋಯಿತು.

ಪಾಲು ಅಂದ ಕೂಡಲೇ ಆ ಹಕ್ಕಿ ನೆನಪಾಯಿತು, ಹೇಳದೆ ಇರಲಾರೆ. ನಾಲ್ಕನೇ ದಿನ ಮರದ ಮೇಲಿಂದ, ಬೆಂಕಿಪೊಟ್ಟಣ ಅಲ್ಲಾಡಿಸಿದ ಹಾಗೆ ಸದ್ದು. ಗುಬ್ಬಿಗಿಂತ ಸ್ವಲ್ಪ ದೊಡ್ಡ, ಮಾಸಲು ಬಣ್ಣದ ಹಕ್ಕಿ, ನಮ್ಮನ್ನೇ ನೋಡಿ ಕೂಗುತ್ತಿದೆ. ಜೇನು ತೋರುವ ಹಕ್ಕಿ. ಮನುಷ್ಯರನ್ನು ಕರೆದುಕೊಂಡು ಹೋಗಿ ಜೇನುಗೂಡು ತೋರಿಸುತ್ತದೆ. ನಾವು ಹೊಗೆ ಹಾಕಿ ತುಪ್ಪ ತೆಗೆದುಕೊಂಡರೆ ಮೇಣ ಅದಕ್ಕೆ. ಉತ್ತರ ಮೊಜಾಂಬಿಕ್‌ನ ನಿಯಾಸಾ ಕಾಡಿನಲ್ಲಿ ಯಾವೊ ಜನ ಈ ಹಕ್ಕಿಯನ್ನು 'ಬ್ರ್‌ರ್‌ರ್... ಹ್ಮ್' ಅಂತ ಒಂದು ವಿಶೇಷ ಸದ್ದಿನಿಂದ ಕರೆಯುತ್ತಾರೆ. ಕ್ಲೇರ್ ಸ್ಪಾಟಿಸ್‌ವುಡ್ ಅನ್ನುವ ವಿಜ್ಞಾನಿ ಮತ್ತು ಸಂಗಡಿಗರು ಅದನ್ನು ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. ಬೇರೆ ಸದ್ದು ಮಾಡಿದರೆ ಹಕ್ಕಿ ತೋರಿಸಿದ ಗೂಡು ಸಿಗುವ ಸಂಭವ ನೂರಕ್ಕೆ 17ರ ಸುಮಾರು, ಈ ಸದ್ದಿಗೆ 54. ಹಕ್ಕಿಗೆ ಕರೆ ಅರ್ಥವಾಗುತ್ತದೆ! ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನಿನ ವಿದ್ಯೆಯಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಅವರಿಗೆ ಇಂಥ ಹಕ್ಕಿ ಇಲ್ಲ. ಹಕ್ಕಿಗೆ ಮೇಣದ ಪಾಲು ಬಿಡದೆ ಹೊರಟರೆ ಮುಂದಿನ ಸಲ ಅದು ಜೇನಿನ ಬದಲು ಸಿಂಹದ ಹತ್ತಿರ ಕರೆದುಕೊಂಡು ಹೋಗುತ್ತದೆ ಅಂತ ಆ ಕಡೆ ನಂಬಿಕೆ. ಇದನ್ನು ನನಗೆ ಹೇಳಿದ್ದು ಟೀ ಹೊರುವ ಹುಡುಗ, ಕೆಟಲ್ ಇಳಿಸಿ ಒಲೆ ಹೂಡುತ್ತಾ. ಹೇಳಿ ಗೈಡ್ ಕಡೆ ನೋಡಿ ನಕ್ಕ. ಗೈಡ್ ಇನ್ನೊಂದು ಬಿಸ್ಕತ್ತು ಅವನ ಕೈಗಿಟ್ಟ.

ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ, ಯಾರಾದರೂ ಅಲ್ಲಿಗೆ ಹೋಗುವುದಾದರೆ ಖಾಕಿ ಅಥವಾ ಮಣ್ಣಿನ ಬಣ್ಣದ ಬಟ್ಟೆ, ಹಳೇ ಪಳಗಿದ ಬೂಟು, ಮಲೇರಿಯಾ ಮಾತ್ರೆ. ಹೊಸ ಬೂಟು ಬೇಡ, ಎರಡನೇ ದಿನ ಹಿಮ್ಮಡಿ ಅಳುತ್ತದೆ. ಮೊದಲ ದಿನ ಬೆಳಿಗ್ಗೆ ಸ್ಕೌಟ್‌ನ ಹೆಸರು ಕೇಳಿ ತಿಳಿದುಕೊಳ್ಳಿ. ಇದನ್ನು ನಾನು ಮಾಡಲಿಲ್ಲ. ಆರು ದಿನ ಅವನ ಬೆನ್ನು, ಬಂದೂಕು, ಬೂಟು ನೋಡಿಕೊಂಡು ನಡೆದೆ. ಆ ಬೂಟಿನ ಅಟ್ಟೆ ಬಾಯಿ ಬಿಟ್ಟಿತ್ತು, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಕಟ್ಟಿದ್ದ. ಒಂದು ಸಲ ಕೇಳಿದೆ, ಬೇರೆ ಇಲ್ಲವೇ ಅಂತ. "ಇದೆ, ಒಳ್ಳೇ ಜೋಡಿ ಮನೆಯಲ್ಲಿದೆ, ಭಾನುವಾರ ಚರ್ಚಿಗೆ" ಅಂದ.

ಕೊನೆಯ ದಿನ ಹೊರಡುವಾಗ ನನ್ನ ನೋಟ್‌ಬುಕ್ ಕೊಟ್ಟು ಹೆಸರು ಬರೆದುಕೊಡು ಅಂದೆ. ಅವನು ಎರಡೂ ಕೈ ತಟ್ಟಿ "ಜಿಕೋಮೋ" ಅಂದು, ಅಂದರೆ ವಂದನೆ ಅಂತ, ನಿಧಾನವಾಗಿ ಹೆಸರು ಬರೆದ. ಕೆಳಗೆ 9 ಅಂತ ಬರೆದು ಸುತ್ತ ಒಂದು ಗೆರೆ ಎಳೆದ. ಅವತ್ತು ಬೆಳಿಗ್ಗೆ ಕಂಡ ಆನೆಗಳ ಲೆಕ್ಕ ಅಂದುಕೊಂಡೆ. ರೂಮಿಗೆ ಬಂದು ನನ್ನ ಪಟ್ಟಿ ತೆಗೆದು ನೋಡಿದರೆ ಆನೆ ಏಳೇ. ಹಿರಿಯ ಗೈಡ್‌ಗೆ ತೋರಿಸಿದೆ. ಅವನು ಬಿದ್ದು ಬಿದ್ದು ನಕ್ಕ. "ಮದಾಲಾ," ಅಂದ, ನಮ್ಮಲ್ಲಿ ಅಜ್ಜಾ ಅಂದ ಹಾಗೆ, "ಅದು ಅವನ ಬೂಟಿನ ನಂಬರು."

ಮೈಸೂರಿಗೆ ಬಂದು ಸಯ್ಯಾಜಿ ರಾವ್ ರಸ್ತೆಯಲ್ಲಿ ಒಂದು ಜೋಡಿ ಕೊಂಡು ಕಳಿಸಿದೆ. ತಲುಪಿತು ಅಂತ ಗೈಡ್ ಫೋಟೊ ಕಳಿಸಿದ್ದ. ಹೊಸ ಬೂಟು ಈಗ ಚರ್ಚಿಗೆ ಹೋಗುತ್ತಿದೆಯಂತೆ. ಕಾಡಿಗೆ ಅದೇ ಹಳೇದು, ಟ್ಯೂಬು ಮಾತ್ರ ಬದಲಾಯಿಸಿದ್ದಾನೆ.